ಮೋಟಾರಿನ ಛತ್ತು ಹೊಲಿದ ಬೇಸಿಗೆ

ನಮ್ಮ ಮುತ್ಯಾ, ಅಪ್ಪನ ಅಪ್ಪ, ಮೋಟಾರಿನಲ್ಲಿ ಕೂತರೆ ಛತ್ತಿನ ಬಟ್ಟೆ ಅವನ ರುಮಾಲಿಗೆ ತಾಗುತ್ತಿತ್ತು. ಮೋಟಾರು ಎಂದರೆ ಕಾರಲ್ಲ, ಪೂರಾ ಲಾರಿಯೂ ಅಲ್ಲ. ಮುಂದೆ ಒಂದೇ ಸೀಟಿನ ದುಂಡುಮೂಗಿನ ಕೋಣೆ, ಹಿಂದೆ ಚೀಲ ಹೇರಲು ಹಲಗೆ ಬಡಿದ ತೆರೆದ ತೊಟ್ಟಿ. ಊರು ಬಿಟ್ಟು ಹೈದರಾಬಾದು ಸೇರಿದ ಒಬ್ಬ ಜಾಗೀರುದಾರನ ಮನೆಯಿಂದ ಮುತ್ಯಾ ಅದನ್ನು ಕೊಂಡು ತಂದದ್ದು ನಾನು ಹುಟ್ಟುವ ಮೊದಲು. ನಾಗಲಗಿದ್ದದ ಕಡೆಯ ಹಳ್ಳಿಗಳಲ್ಲಿ ತೊಗರಿ ಹೇರಿಕೊಂಡು ಜಹೀರಾಬಾದಿನ ಪೇಟೆಗೆ ಹೋಗುವಾಗ ಅಪ್ಪ ಗಾಡಿ ನಡೆಸುತ್ತಿದ್ದ, ಮುತ್ಯಾ ಪಕ್ಕದಲ್ಲಿ ಮೊಣಕಾಲ ಮೇಲೆ ಕೈಯಿಟ್ಟು ನೆಟ್ಟಗೆ ಕೂತಿರುತ್ತಿದ್ದ. ಅವರ ತಲೆಯ ಮೇಲೆ, ತಗಡಿನ ಒಳಮೈಗೆ, ಬಾಗಿದ ಮೂರು ಕಂಬಿಗಳಿಗೆ ಪೋಣಿಸಿ ನಾಲ್ಕೂ ಕಡೆ ಸಣ್ಣ ಮೊಳೆ ಬಡಿದು ಬಿಗಿದ ಒಂದು ಉಣ್ಣೆ ಬಟ್ಟೆ ಇತ್ತು. ಬಿಸಿಲಿನ ಕಾವು ನೇರ ನೆತ್ತಿಗೆ ಬಡಿಯದಿರಲಿ, ತಗಡಿನ ಸದ್ದು ಕಿವಿಗೆ ಬೀಳದಿರಲಿ ಎಂದು ಹಾಕಿದ್ದು. ಅದಕ್ಕೇ ನಾವು ಛತ್ತು ಎನ್ನುತ್ತಿದ್ದೆವು. ನಾನು ಹೇಳುತ್ತಿರುವ ವರ್ಷದ ಹೊತ್ತಿಗೆ ಆ ಬಟ್ಟೆ ಜೀರ್ಣವಾಗಿ, ಇಲಿ ಕಡಿದು, ಎಮ್ಮೆಯ ಕೆಚ್ಚಲಿನ ಹಾಗೆ ಜೋತುಬಿದ್ದಿತ್ತು. ಗಾಡಿ ಗುಂಡಿಗೆ ಇಳಿದಾಗಲೆಲ್ಲ ಮುತ್ಯಾನ ಬಿಳಿ ರುಮಾಲಿನ ಮೇಲೆ ಕಂದು ಪುಡಿ ಉದುರುತ್ತಿತ್ತು. ಮನೆಗೆ ಬಂದು ಅವನು ರುಮಾಲು ಬಿಚ್ಚಿ ಝಾಡಿಸುವುದನ್ನು ನೋಡಿದರೆ ನನಗೆ ನಗು ಬರುತ್ತಿತ್ತು. ಆದರೆ ಮುತ್ಯಾನ ಎದುರಿಗೆ ನಗುವ ಧೈರ್ಯ ನಮ್ಮ ಮನೆಯಲ್ಲಿ ಯಾರಿಗೂ ಇರಲಿಲ್ಲ.

ತೆಲಂಗಾಣ ಬೇರೆಯಾಗಬೇಕು ಎಂದು ಮೊದಲ ಸಲ ಜನ ಬೀದಿಗೆ ಇಳಿದ ವರ್ಷ ಅದು. ನನಗೆ ಹದಿಮೂರು ತುಂಬಿತ್ತು. ನಾರಾಯಣಖೇಡದ ನಮ್ಮ ಶಾಲೆಗೆ ಬೀಗ ಬಿದ್ದಿತ್ತು. ಬಸ್ಸು ಇವತ್ತು ಬಂದರೆ ನಾಳೆ ಇಲ್ಲ. ಜಹೀರಾಬಾದಿನ ದಾರಿಯಲ್ಲಿ ಮರ ಕಡಿದು ಅಡ್ಡ ಕೆಡವಿದ್ದಾರೆಂದು ದಿನಕ್ಕೊಂದು ಸುದ್ದಿ ಬರುತ್ತಿತ್ತು. ನಮ್ಮದು ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಮುತ್ಯಾನ ಸಿಟ್ಟಿಗೆ ಉರ್ದು. ಈ ಗಲಾಟೆಯಲ್ಲಿ ನೀವು ಯಾರ ಕಡೆ ಎಂದು ಯಾರೂ ನಮ್ಮನ್ನು ಕೇಳಲಿಲ್ಲ, ನಾವೂ ಹೇಳಲಿಲ್ಲ. ಶಾಲೆ ಮುಚ್ಚಿದ ಎರಡನೆಯ ವಾರ ನಾನು ದೊಡ್ಡವಳಾದೆ. ಐದು ಮಂದಿ ಮುತ್ತೈದೆಯರು ಬಂದು ಆರತಿ ಬೆಳಗಿದರು, ಅವ್ವ ಹಸಿರು ಕುಪ್ಪಸ ತೊಡಿಸಿದಳು, ಕೊಬ್ಬರಿ ಬೆಲ್ಲ ತಿನ್ನಿಸಿದರು. ಅದಾದ ಮೇಲೆ ತಲಬಾಗಿಲಿನ ಆಚೆ ನನಗೆ ಕೆಲಸವೇ ಉಳಿಯಲಿಲ್ಲ. ಶಾಲೆ ಬಿಡಿಸುತ್ತೇವೆ ಎಂದು ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಊರಿಗೆ ಊರೇ ಶಾಲೆ ಮುಚ್ಚಿ ಕೂತಿರುವಾಗ ಒಬ್ಬ ಹುಡುಗಿಯ ಶಾಲೆ ಬಿಡಿಸಲು ಮಾತೇಕೆ ಬೇಕು? ನಮ್ಮದು ಮಣ್ಣಿನ ಮಾಳಿಗೆಯ ಮನೆ. ಗೋಡೆಗಳು ಎರಡು ಮೊಳ ದಪ್ಪ, ಬೀದಿಯ ಕಡೆಗೆ ಒಂದೂ ಕಿಟಕಿಯಿಲ್ಲ. ನಡುಮನೆಗೆ ಬೆಳಕು ಇಳಿಯುವುದು ಮಾಳಿಗೆಯ ಬೆಳಕಿಂಡಿಯಿಂದ ಮಾತ್ರ. ಒಂದು ರೊಟ್ಟಿಯ ಅಗಲದ ಆ ಬಿಸಿಲು ಬೆಳಿಗ್ಗೆ ದೇವರ ಕೋಣೆಯ ಹೊಸ್ತಿಲ ಹತ್ತಿರ ಬಿದ್ದು, ಮಧ್ಯಾಹ್ನ ನಡುಕಂಬಕ್ಕೆ ಬಂದು, ಸಂಜೆಗೆ ಜೋಳದ ಕಣಜದ ಮಗ್ಗುಲಲ್ಲಿ ಸಾಯುತ್ತಿತ್ತು. ದಿನವಿಡೀ ಅದರ ಹಿಂದೆಯೇ ಸರಿಯುತ್ತ, ನಾನು ಓದಿ ಮುಗಿಸಿದ ಪುಸ್ತಕಗಳನ್ನೇ ಮತ್ತೆ ಓದುತ್ತಿದ್ದೆ.

ಹಾಗೆ ಮನೆಯೊಳಗೆ ಉಳಿದವಳು ನಾನೊಬ್ಬಳೇ ಅಲ್ಲ. ನಮ್ಮ ನೀಲತ್ತೆ, ಅಪ್ಪನ ತಂಗಿ, ಹದಿನೈದು ದಿನ ಇದ್ದು ಹೋಗುತ್ತೇನೆಂದು ತಾಂಡೂರಿನ ಗಂಡನ ಮನೆಯಿಂದ ಬಂದು ಐದು ತಿಂಗಳಾಗಿತ್ತು. ಬರುವಾಗ ಒಂದು ಟ್ರಂಕು ಮತ್ತು ಕೈಯಿಂದ ತಿರುಗಿಸುವ ಹೊಲಿಗೆ ಮಿಷಿನ್ನು ತಂದಿದ್ದಳು. ಹದಿನೈದು ದಿನಕ್ಕೆ ಬಂದವಳು ಮಿಷಿನ್ನು ಏಕೆ ಹೊತ್ತು ತಂದಳು ಎಂದು ಅವ್ವನಿಗೆ ಮೊದಲ ದಿನವೇ ಹೊಳೆದಿತ್ತಂತೆ. ಮುತ್ಯಾನಿಗೆ ಹೊಳೆಯಲು ಐದು ತಿಂಗಳು ಬೇಕಾಯಿತು. ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಮಾತು ತೆಗೆದ. ಅಪ್ಪ ಪಕ್ಕದಲ್ಲಿ ಉಣ್ಣುತ್ತಿದ್ದ, ಅವ್ವ ಪುಂಡಿಪಲ್ಯ ಬಡಿಸುತ್ತಿದ್ದಳು, ಅತ್ತೆ ಬಿಸಿ ರೊಟ್ಟಿ ತಂದು ಹಾಕುತ್ತಿದ್ದಳು.

"ನೀಲವ್ವ, ತಾಂಡೂರದಾಗ ಮಂದಿ ಏನಂತಿರಬೇಕು?"

"ಮಂದಿ ಏನರೆ ಅಂತಾರಪ್ಪಾ. ನಿಮ್ಮ ಅಳಿಯ ಏನೂ ಅನ್ನಂಗಿಲ್ಲ. ಮೂರು ವರ್ಷ ಆತು, ನನ್ನ ಕೂಡ ಒಂದು ಮಾತಾಡಿಲ್ಲ."

"ಹೊಡೀತಾನೇನು?"

"ಇಲ್ಲ."

"ಉಣ್ಣಾಕ ಕಡಿಮಿ ಮಾಡ್ಯಾರೇನು?"

"ಇಲ್ಲ."

"ಮತ್ತ ಏನಾಗ್ಯಾದ ನಿನಗ?"

ಅತ್ತೆ ತಾಟಿಗೆ ಬಗ್ಗಿದವಳು ನೆಟ್ಟಗಾದಳು. ಕೈಯಲ್ಲಿದ್ದ ರೊಟ್ಟಿ ಆರುತ್ತಿತ್ತು.

"ನೀರು ಬೇಕಾದ್ರ ಗೋಡಿಗೆ ಹೇಳ್ತಾನ್ರಿ. ಗೋಡಿ ಕಡಿ ನೋಡಿ, ‘ನೀರು ತರಬೇಕು’ ಅಂತಾನ. ನಾ ತಂದಿಡ್ತೀನಿ. ಕುಡದು ಲೋಟ ಗೋಡಿ ಮುಂದ ಇಡ್ತಾನ."

ಅವನು ಮಾತು ಬಿಟ್ಟದ್ದು ಏಕೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಮೂರು ವರ್ಷದ ಹಿಂದೆ ನಮ್ಮ ಆಯಿ, ಅಂದರೆ ಮುತ್ಯಾನ ಹೆಂಡತಿ, ಸಾಯುವ ಸ್ಥಿತಿಯಲ್ಲಿದ್ದಾಗ ತಾಂಡೂರಿಗೆ ಹೇಳಿಕಳಿಸಿದ್ದರು. ಅತ್ತೆಯ ಗಂಡ ಹಾಸುಗಲ್ಲಿನ ವ್ಯಾಪಾರದವನು, ಆ ಹೊತ್ತಿಗೆ ಕಲ್ಲಿನ ಖಣಿಗೆ ಹೋಗಿದ್ದ. ಅವನು ಬರುವ ದಾರಿ ಕಾಯದೆ ಅತ್ತೆ ತಾಯಿಯ ಮುಖ ನೋಡಲು ಓಡಿಬಂದಳು. ಕೇಳದೆ ಹೋದಳು ಎಂಬ ಒಂದೇ ಕಾರಣಕ್ಕೆ ಅವನ ಬಾಯಿ ಮುಚ್ಚಿಹೋಯಿತು. ಮುತ್ಯಾನ ಹೆಂಡತಿಯನ್ನು ನೋಡಲು ಬಂದದ್ದಕ್ಕೇ ಮಗಳಿಗೆ ಈ ಗತಿ ಬಂದದ್ದು. ಅದು ಮುತ್ಯಾನಿಗೂ ತಿಳಿದಿತ್ತು. ಆದರೂ ಅವನು ತಾಟಿನಲ್ಲಿ ಕೈ ತೊಳೆದು ಹೇಳಿದ್ದು ಇಷ್ಟೇ:

"ಮಾತಾಡದಿದ್ರ ಬಿಡು. ಗಂಡಸರು ಹಂಗ ಇರ್ತಾವ. ನಾನೇ ಬಿಟ್ಟು ಬರ್ತೀನಿ."

"ಬಸ್ಸು ಚಾಲೂ ಆಗಲಿ ತಡೀರಿ," ಎಂದ ಅಪ್ಪ.

"ಬಸ್ಸಿನ್ಯಾಗ ಯಾಕ? ಮನ್ಯಾಗ ಮೋಟಾರ ಇಟಗೊಂಡು? ಮೊದಲ ಆ ಛತ್ತು ಹಾಕಸು. ಹರಕ ಬಟ್ಟಿ ಕೆಳಗ ಮಗಳನ್ನ ಕೂಡಿಸ್ಕೊಂಡು ಬೀಗರ ಬಾಗಲಿಗೆ ಹೋಗಲೇನು?"

ಛತ್ತು ಹಾಕುವ ಖಾದರ್ ಚಾಚಾ ಜಹೀರಾಬಾದಿನವನು. ಗಾಡಿಗಳ ಸೀಟು, ಜಟಕಾದ ಗಾದಿ ಹೊಲಿಯುವ ಮುದುಕ. ಯಾವುದೋ ಲಾರಿ ಹಿಡಿದು ಬಂದು ನಮ್ಮ ಅಂಗಳದ ಬೇವಿನ ಕೆಳಗೆ ನಿಂತಿದ್ದ ಮೋಟಾರಿನೊಳಗೆ ಹೊಕ್ಕ. ಒಂದೊಂದೇ ಮೊಳೆ ಕಿತ್ತು ತಟ್ಟೆಗೆ ಹಾಕಿ, ಹಳೆಯ ಬಟ್ಟೆ ಹರಿಯದಂತೆ ಇಳಿಸಿ, ಕಂಬಿಗಳನ್ನು ಬಿಡಿಸಿ ಮೂರಕ್ಕೂ ಸುಣ್ಣದಲ್ಲಿ ಒಂದು, ಎರಡು, ಮೂರು ಎಂದು ಗುರುತು ಹಾಕಿದ. ತಗಡಿನ ಒಳಮೈಗೆ ಗೋಣಿತಾಟು ಅಂಟಿಸಿದ. ತಂದಿದ್ದ ಬೂದಿಬಣ್ಣದ ದಪ್ಪ ಬಟ್ಟೆಯನ್ನು ಹಾಸಿ, ಹಳೆಯದನ್ನು ಮೇಲಿಟ್ಟು ಕತ್ತರಿಸಿ, ಪಟ್ಟಿಗಳಿಗೆ ಸುಣ್ಣದ ಗೆರೆ ಎಳೆದ. ಎರಡನೆಯ ದಿನ ಮಧ್ಯಾಹ್ನ, ಜಹೀರಾಬಾದಿಗೆ ಹೊರಟ ಲಾರಿಯವನೊಬ್ಬ ಇದೇ ಕಡೆಯ ಗಾಡಿ, ನಾಳೆಯಿಂದ ರಸ್ತೆ ಪೂರಾ ಬಂದ್ ಎಂದ. ಚಾಚಾ, ತನ್ನ ಮನೆಯಲ್ಲಿ ಮುದುಕಿಯೊಬ್ಬಳೇ ಇದ್ದಾಳೆಂದು ಗಡಬಡಿಸಿ ಎದ್ದ. ಅಷ್ಟರಲ್ಲಿ ಒಳಗಿನಿಂದ ಹೊಲಿಗೆ ಮಿಷಿನ್ನಿನ ಸದ್ದು ಅವನ ಕಿವಿಗೆ ಬಿತ್ತು.

"ಸಾಹುಕಾರ್ರೇ, ಮನ್ಯಾಗ ಮಿಷಿನ್ ಅದಲ್ರಿ. ಹೊಲಿಯೋದು ಮನ್ಯಾಗೇ ಆಗ್ತದ. ಅಳತಿ ತಪ್ಪಬಾರದು, ಅಷ್ಟೇ."

ಅತ್ತೆ ಬಾಗಿಲ ಮರೆಯಲ್ಲಿ ನಿಂತಳು. ಚಾಚಾ ನನ್ನ ಕೈಗೆ ಬಟ್ಟೆ ಕೊಟ್ಟು, ಮಾತು ಮಾತ್ರ ಬಾಗಿಲಿನ ಕಡೆ ಆಡಿದ.

"ಬೇಟಿ, ಲಂಗಕ್ಕ ಲಾಡಿ ಪೋಣಸಾಕ ಪಟ್ಟಿ ಹೊಲೀತೀರಲ್ಲ, ಹಂಗ ಮೂರು ಪಟ್ಟಿ. ಒಂದೊಂದರಾಗ ಒಂದು ಕಂಬಿ. ಕಂಬಿ ಮೂರೂ ಒಂದೇ ಥರ ಕಾಣ್ತಾವ, ಒಂದೇ ಅಲ್ಲ. ಅದಲ್ ಬದಲ್ ಆದ್ರ ಛತ್ತು ಮೈ ಕೊಡಂಗಿಲ್ಲ. ಪಟ್ಟಿ ಅರ್ಧ ಬೆರಳು ಸರದ್ರ ಬಟ್ಟಿ ಜೋತು ಬೀಳ್ತದ. ಕೂಡಿಸೋವಾಗ ನಡುವಿನ ಕಂಬಿ ಮೊದಲ. ಆಮ್ಯಾಲ ಹಿಂದ, ಮುಂದ. ಬಾಜೂ ಕಡೀಕ."

"ಆತ್ರಿ ಚಾಚಾ," ಎಂದಳು ಅತ್ತೆ.

ನಾಲ್ಕು ಗಜ ಬಟ್ಟೆ, ಮೂರು ಪಟ್ಟಿ, ಹಿಂದೆ ಮುಂದೆ ಎರಡು ತುಂಡಿನ ಜೋಡಣೆ. ಅತ್ತೆಯ ಕೈಗೆ ಅದು ಎರಡು ದಿನದ ಕೆಲಸ. ಅವಳು ಮಿಷಿನ್ನನ್ನು ಬೆಳಕಿಂಡಿಯ ಬಿಸಿಲಿಗೆ ಇಟ್ಟು ಕೂತಳು. ಬಿಸಿಲು ಸರಿದಂತೆ ನಾನು, ಅವಳು ಸೇರಿ ಮಿಷಿನ್ನು ಸರಿಸುತ್ತಿದ್ದೆವು. ಅವಳು ಹಿಡಿಕೆ ತಿರುಗಿಸಿದರೆ ನಾನು ಎದುರಿನಿಂದ ಬಟ್ಟೆ ಹಿಡಿದು ಎಳೆಯುತ್ತಿದ್ದೆ. ಬಟ್ಟೆ ದಪ್ಪವಿದ್ದ ಕಡೆ ಸೂಜಿ ನಿಧಾನ ಇಳಿಸುವುದು, ಸುಣ್ಣದ ಗೆರೆಯ ಮೇಲೆ ಕಣ್ಣಿಟ್ಟು ಕೈಯನ್ನು ಮರೆಯುವುದು, ದಾರ ತುಂಡಾದರೆ ಮೂರು ಹೊಲಿಗೆ ಹಿಂದಿನಿಂದ ಶುರು ಮಾಡುವುದು, ಎಲ್ಲವನ್ನೂ ಕಲಿಸಿದಳು. ಮೂರನೆಯ ದಿನದ ಹೊತ್ತಿಗೆ ನಾನೇ ಹಿಡಿಕೆ ತಿರುಗಿಸಿ ಒಂದು ಪಟ್ಟಿ ಮುಗಿಸಿದೆ. ಅತ್ತೆ ಅದನ್ನು ಬಿಸಿಲಿಗೆ ಹಿಡಿದು ಎರಡೂ ಕಡೆ ನೋಡಿದಳು. ಆಮೇಲೆ ಬ್ಲೇಡು ತೆಗೆದುಕೊಂಡು, ಒಂದು ತುದಿಯಿಂದ ಇನ್ನೊಂದು ತುದಿಗೆ, ಹೊಲಿಗೆಯನ್ನೆಲ್ಲ ಬಿಚ್ಚಿಹಾಕಿದಳು.

"ತಪ್ಪಾತೇನು ಅತ್ತಿ?"

"ಇಲ್ಲ, ಛಲೋ ಬಂದಿತ್ತು."

ನನಗೆ ಅರ್ಥವಾಗಲಿಲ್ಲ. ಅವಳು ಬಿಚ್ಚಿದ ದಾರವನ್ನು ಬೆರಳಿಗೆ ಸುತ್ತುತ್ತ, ಅಡುಗೆಮನೆಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದಳು.

"ಶಶಿ, ಇದು ಲಗು ಮುಗೀಬಾರದು. ಮುತ್ಯಾ ಕೇಳಿದ್ರ ಅಳತಿ ಕೂಡವಲ್ದು ಅನ್ನು. ರಸ್ತಾ ಇನ್ನೊಂದೆರಡು ತಿಂಗಳು ಬಂದ್ ಇದ್ರ, ಆಮ್ಯಾಲ ಮಳಿ ಬರ್ತದ. ಮಳ್ಯಾಗ ಯಾರು ಹೋಗ್ತಾರ? ಹೇಳಂಗಿಲ್ಲಲ್ಲ?"

ಹೇಳುವುದಿಲ್ಲ ಎಂದು ನಾನು ಅವಳ ಕೈಮುಟ್ಟಿ ಹೇಳಿದೆ. ಆ ಮಾತು ಆಡುವಾಗ ನನಗೆ ಖುಷಿಯೇ ಆಯಿತು. ಮನೆಯಲ್ಲಿ ದೊಡ್ಡವರೊಬ್ಬರು ನನ್ನನ್ನು ನಂಬಿ ಏನನ್ನೋ ಹೇಳಿದ್ದು ಅದೇ ಮೊದಲು. ಅಂದಿನಿಂದ ಬೆಳಿಗ್ಗೆ ಹೊಲಿಯುವುದು, ಮಧ್ಯಾಹ್ನ ಮುತ್ಯಾ ಅಡ್ಡಾದಾಗ ಬಿಚ್ಚುವುದು ನಮ್ಮ ಕೆಲಸವಾಯಿತು. ಬಟ್ಟೆಯ ಮೇಲೆ ಹಳೆಯ ಸೂಜಿತೂತುಗಳು ಕಾಣದಂತೆ ಅತ್ತೆ ನೀರು ಚಿಮುಕಿಸಿ ಉಗುರಿನಿಂದ ತೀಡುತ್ತಿದ್ದಳು. ಅವ್ವನಿಗೆ ಎಲ್ಲ ಗೊತ್ತಿತ್ತು. ಒಲೆಯ ಮುಂದೆ ಕೂತು ನೋಡುತ್ತಿದ್ದಳು, ಒಂದು ಮಾತೂ ಆಡಲಿಲ್ಲ. ಹದಿನೈದು ದಿನ ಹೀಗೇ ಕಳೆಯಿತು. ಮುತ್ಯಾ ದಿನವೂ ಲಿಂಗಪೂಜೆ ಮುಗಿಸಿ ವಿಭೂತಿ ಹಣೆಯಲ್ಲಿ ನಡುಮನೆಗೆ ಬಂದು ನಿಂತು, ಎಲ್ಲಿಗೆ ಬಂತು ಎನ್ನುತ್ತಿದ್ದ. ಅಳತೆ ಕೂಡುತ್ತಿಲ್ಲ ಎಂದು ನಾನೇ ಮುಂದಾಗಿ ಹೇಳುತ್ತಿದ್ದೆ.

ಒಂದು ಬೆಳಿಗ್ಗೆ ಅವನು ಹಾಗೆ ಕೇಳಿ ಹೋಗಲಿಲ್ಲ, ಕಂಬಕ್ಕೆ ಒರಗಿ ಕೂತ. ಅವ್ವ ಸೆರಗು ಸರಿಮಾಡಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. ಎಷ್ಟು ದಿನದಿಂದ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಂಡಿದ್ದಳೋ.

"ಮಾವ್ನೋರ, ಒಂದು ಮಾತು. ಶಶಿನ್ನ ಜಹೀರಾಬಾದಿಗೆ ಕಳಸಬೇಕಂತೀನ್ರಿ. ನಮ್ಮಣ್ಣನ ಮನ್ಯಾಗ ಇರ್ತಾಳ. ಅಲ್ಲಿ ಹೆಣ್ಮಕ್ಕಳ ಸಾಲಿ ಬ್ಯಾರೆ ಅದ. ಗಲಾಟಿ ಮುಗದ ಮ್ಯಾಲ ಹತ್ತನೇ ತನಕ ಓದಲ್ರಿ."

ಅವ್ವ ಮುತ್ಯಾನ ಮುಂದೆ ಅಷ್ಟು ಉದ್ದದ ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಅವನು ಬಯ್ಯುತ್ತಾನೆಂದು ಕಾದೆ. ಅವನು ನನ್ನನ್ನು ನೋಡಿದ.

"ಓದ್ತೀ ಏನು?"

"ಓದ್ತೀನಿ ಮುತ್ಯಾ."

"ಆತು. ಒಂದೇ ದಾರಿ ಅದ. ಮೋಟಾರ ತಯಾರಾದ ದಿನ ನಿನ್ನ ಜಹೀರಾಬಾದಿಗೆ ಇಳಸ್ತೀನಿ, ನೀಲವ್ವನ್ನ ತಾಂಡೂರಕ್ಕ ಬಿಡ್ತೀನಿ. ಮತ್ತ ಮತ್ತ ಗಾಡಿ ತಗಿಯಾಕ ಆಗಂಗಿಲ್ಲ."

ಅವನು ಎದ್ದು ಹೋದ. ಅತ್ತೆ ಮಿಷಿನ್ನಿನ ಮೇಲಿಂದ ಕಣ್ಣೆತ್ತಲಿಲ್ಲ. ನಾನೂ ಅವಳ ಕಡೆ ನೋಡಲಿಲ್ಲ. ಆ ದಿನ ಬಟ್ಟೆ ಹಿಡಿದಾಗ ನಮ್ಮಿಬ್ಬರ ನಡುವೆ ಆ ನಾಲ್ಕು ಗಜ ಬಟ್ಟೆಯಿತ್ತು, ಮಾತಿರಲಿಲ್ಲ. ಮಧ್ಯಾಹ್ನ ಅವಳು ಬ್ಲೇಡು ತೆಗೆದಾಗ ನಾನು ಬಟ್ಟೆಯ ತುದಿ ಕೈಬಿಟ್ಟೆ. ಅವಳು ಬಿಚ್ಚುವ ಒಂದೊಂದು ಹೊಲಿಗೆಯೂ ನನ್ನ ಶಾಲೆಯನ್ನು ಒಂದೊಂದು ದಿನ ಹಿಂದೆ ತಳ್ಳುತ್ತಿದೆ ಎಂದು ಲೆಕ್ಕ ಹಾಕತೊಡಗಿದೆ. ಅದುವರೆಗೆ ಆ ಮನೆ ನನಗೆ ಬೇಸರದ ಮನೆಯಾಗಿತ್ತು. ಆ ವಾರದಿಂದ ಅದು ಉಸಿರು ಕಟ್ಟುವ ಮನೆಯಾಯಿತು. ದಪ್ಪ ಗೋಡೆ, ಒಂದೇ ತೂತಿನ ಬೆಳಕು, ಹೊರಗೆ ಹೊಸ ಛತ್ತಿಗೆ ಕಾಯುತ್ತ ನಿಂತ ಮೋಟಾರು. ರಾಶಿ ಬಟ್ಟೆಯನ್ನು ತೊಡೆಯ ಮೇಲೆ ಹಾಕಿಕೊಂಡು ಕೂತ ಅತ್ತೆಯ ಮೇಲೆ ನನಗೆ ಸಿಟ್ಟು ಬರತೊಡಗಿತು. ಅವಳಿಗೆ ಊಟ ಇದೆ, ಮನೆ ಇದೆ, ಹೊಡೆಯುವವರಿಲ್ಲ, ಮತ್ತೇನು ಬೇಕು ಎಂದು ನಾನೂ ಮುತ್ಯಾನ ಮಾತನ್ನೇ ಮನಸ್ಸಿನಲ್ಲಿ ಆಡಿಕೊಂಡೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಅಷ್ಟರಲ್ಲಿ ಅತ್ತೆಗೆ ಜ್ವರ ಬಂತು. ಬೇಸಿಗೆಯ ಜ್ವರ, ಮೈ ಕಾದ ಹಂಚಿನಂತಿತ್ತು. ಅವ್ವ ಅವಳನ್ನು ಕಾಳಿನ ಕೋಣೆಯ ತಂಪಿನಲ್ಲಿ ಮಲಗಿಸಿ ಹಣೆಗೆ ಒದ್ದೆ ಬಟ್ಟೆ ಹಾಕುತ್ತಿದ್ದಳು. ಎರಡು ಪಟ್ಟಿ ಹೊಲಿದೇ ಇದ್ದವು, ಅವನ್ನು ಬಿಚ್ಚುವವರಿರಲಿಲ್ಲ. ಉಳಿದದ್ದು ಒಂದು ಪಟ್ಟಿ ಮತ್ತು ಹಿಂದಿನ ತುಂಡಿನ ಜೋಡಣೆ. ಮೊದಲ ದಿನ ನಾನು ಮಿಷಿನ್ನಿನ ಹತ್ತಿರ ಹೋಗಲಿಲ್ಲ. ಎರಡನೆಯ ದಿನ ಬಿಸಿಲು ನಡುಕಂಬಕ್ಕೆ ಬಂದಾಗ ಮಿಷಿನ್ನನ್ನು ಒಬ್ಬಳೇ ಎಳೆದು ಅದರ ಕೆಳಗೆ ತಂದೆ. ಸುಣ್ಣದ ಗೆರೆ ಹಾಗೇ ಇತ್ತು. ಹಿಡಿಕೆ ತಿರುಗಿಸಿದೆ. ಅವ್ವ ಒದ್ದೆ ಬಟ್ಟೆ ಹಿಂಡುತ್ತ ಕೋಣೆಯ ಬಾಗಿಲಲ್ಲಿ ನಿಂತು ನೋಡಿದಳು. ಬೇಡ ಎನ್ನುತ್ತಾಳೆ ಎಂದುಕೊಂಡೆ. ಅವಳು ಅನ್ನಲಿಲ್ಲ. ಒಳಗೆ ಹೋಗಿ ಬಾಗಿಲನ್ನು ಮುಂದೆ ಮಾಡಿಕೊಂಡಳು, ಸದ್ದು ಒಳಗೆ ಕೇಳದಿರಲಿ ಎಂದು. ಅಂದು ಸಂಜೆಯೊಳಗೆ ಛತ್ತು ಮುಗಿಯಿತು. ಮುತ್ಯಾ ಬಂದಾಗ ನಾನು ಅದನ್ನು ಮಡಚಿ ಕಂಬದ ಹತ್ತಿರ ಇಟ್ಟಿದ್ದೆ.

"ಅಳತಿ ಕೂಡಿತೇನು?" ಎಂದ.

"ಕೂಡ್ತು ಮುತ್ಯಾ," ಎಂದೆ.

ಅತ್ತೆ ಎದ್ದು ಬಂದದ್ದು ಮೂರು ದಿನದ ಮೇಲೆ. ಮಡಚಿಟ್ಟ ಬಟ್ಟೆಯನ್ನು ಬಿಚ್ಚಿ ಬೆಳಕಿಗೆ ಹಿಡಿದಳು. ಕಡೆಯ ಪಟ್ಟಿಯ ಮೇಲೆ ಹೆಬ್ಬೆರಳು ಎಳೆಯುತ್ತ ತುದಿಯವರೆಗೆ ಹೋದಳು. ನಾನು ಅಡುಗೆಮನೆಯ ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಬಯ್ಯುತ್ತಾಳೆ, ಅಳುತ್ತಾಳೆ, ಬ್ಲೇಡು ತೆಗೆಯುತ್ತಾಳೆ, ಏನಾದರೂ ಮಾಡಲಿ ಎಂದು ಬೇಡಿಕೊಳ್ಳುತ್ತಿದ್ದೆ.

"ಹೊಲಿಗಿ ನೆಟ್ಟಗ ಬಂದದ," ಎಂದಳು. ಮತ್ತೆ ಮಡಚಿಟ್ಟಳು.

ಮೋಟಾರಿನೊಳಗೆ ಅದನ್ನು ಕೂಡಿಸುವಾಗ ಅವಳೇ ಮುಂದೆ ನಿಂತಳು. ಅಪ್ಪ ಸೀಟಿನ ಮೇಲೆ ಅಂಗಾತ ಮಲಗಿ ಮೊಳೆ ಬಡಿಯುತ್ತಿದ್ದ, ಅತ್ತೆ ಮೊಣಕಾಲೂರಿ ಬಟ್ಟೆ ಎಳೆದು ಹಿಡಿಯುತ್ತಿದ್ದಳು, ನಾನು ಮೊಳೆಯ ತಟ್ಟೆ ಹಿಡಿದು ಮೂಲೆಯಲ್ಲಿ ಮುದುಡಿದ್ದೆ. ಬೇವಿನ ನೆರಳಲ್ಲಿದ್ದರೂ ಆ ತಗಡಿನ ಕೋಣೆ ಒಲೆಯಂತಿತ್ತು, ಗೋಣಿತಾಟಿಗೆ ಹಚ್ಚಿದ್ದ ಅಂಟಿನ ವಾಸನೆಗೆ ತಲೆ ಸುತ್ತುತ್ತಿತ್ತು. ನಡುವಿನ ಕಂಬಿ ಮೊದಲು, ಆಮೇಲೆ ಹಿಂದಿನದು, ಮುಂದಿನದು. ಎರಡು ಕಂಬಿ ಅದಲುಬದಲು ಮಾಡಿದರೆ ಸಾಕು, ಇಡೀ ಕೆಲಸ ಕೆಟ್ಟು ಚಾಚಾ ಬರುವ ತನಕ ನಿಲ್ಲುತ್ತಿತ್ತು. ಅಪ್ಪನಿಗೆ ತಿಳಿಯುತ್ತಿರಲಿಲ್ಲ. ನಾನು ಅವಳನ್ನೇ ನೋಡುತ್ತಿದ್ದೆ. ಅವಳು ಸುಣ್ಣದ ಗುರುತು ನೋಡಿ ನೋಡಿ ಕಂಬಿ ಕೊಟ್ಟಳು. ಮೊಳೆ ತರಲು ಅಪ್ಪ ಕೆಳಗಿಳಿದಾಗ, ನನ್ನ ಕಣ್ಣಲ್ಲಿದ್ದ ಪ್ರಶ್ನೆಯನ್ನು ಓದಿದವಳಂತೆ ಹೇಳಿದಳು:

"ಕೆಡಸಾಕ ಕೈ ಬರವಲ್ದು ಶಶಿ."

ಕಡೆಗೆ ಒದ್ದೆ ಬಟ್ಟೆಯಿಂದ ಛತ್ತನ್ನು ಪೂರಾ ತೀಡಿದಳು. ಬಿಸಿಲಿಗೆ ಆರಿದ ಮೇಲೆ ಅದು ಡೊಳ್ಳಿನ ಚರ್ಮದಂತೆ ಬಿಗಿದು ನಿಂತಿತು. ಮುತ್ಯಾ ಹತ್ತಿ ಕೂತು, ತಲೆ ಆ ಕಡೆ ಈ ಕಡೆ ಆಡಿಸಿ, ರುಮಾಲು ಎಲ್ಲೂ ತಾಗಲಿಲ್ಲವೆಂದು ಖಾತ್ರಿ ಮಾಡಿಕೊಂಡು ಇಳಿದ.

ರಸ್ತೆ ಸ್ವಲ್ಪ ಸಡಿಲಾಯಿತೆಂದು ಸುದ್ದಿ ಬಂದ ಮರುದಿನ ಬೆಳಿಗ್ಗೆ ಹೊರಟೆವು. ಒಂದೇ ಸೀಟಿನಲ್ಲಿ ನಾಲ್ಕು ಮಂದಿ: ಅಪ್ಪ, ನಾನು, ಅತ್ತೆ, ಬಾಗಿಲ ಕಡೆ ಮುತ್ಯಾ. ಅವಳ ಭುಜ ನನ್ನ ಭುಜಕ್ಕೆ ಒತ್ತಿಕೊಂಡಿತ್ತು, ಸರಿಯಲು ಜಾಗವಿರಲಿಲ್ಲ. ಎರಡು ತಾಸು ಹಾಗೇ ಕೂತೆವು. ಜಹೀರಾಬಾದು ಇನ್ನೇನು ಬಂತೆನ್ನುವಾಗ ದಾರಿಗೆ ಅಡ್ಡ ಮರದ ಬೊಡ್ಡೆ, ಅದರ ಮೇಲೆ ಇಪ್ಪತ್ತು ಮೂವತ್ತು ಹುಡುಗರು. ಅವರ ಪಕ್ಕದಲ್ಲಿ ಸಾಲಾಗಿ ನಿಂತ ಲಾರಿಗಳು, ಕ್ಯಾನು ಹೊತ್ತ ಹಾಲಿನವನ ಸೈಕಲ್ಲು. ಯಾರನ್ನೂ ಬಿಟ್ಟಿರಲಿಲ್ಲ. ಅತ್ತೆಯ ಉಸಿರು ಬದಲಾದದ್ದು ನನ್ನ ಭುಜಕ್ಕೆ ಗೊತ್ತಾಯಿತು. ಒಬ್ಬ ಹುಡುಗ ಕಿಟಕಿಗೆ ತಲೆ ಹಾಕಿ, ಎಲ್ಲಿಗೆ ಎಂದು ತೆಲುಗಿನಲ್ಲಿ ಕೇಳಿದ. ಮುತ್ಯಾ ತೆಲುಗಿನಲ್ಲೇ, ಮಗಳನ್ನು ಅತ್ತೆಮನೆಗೆ ಬಿಡಲು ಹೊರಟಿದ್ದೇವೆ ಎಂದ. ಹುಡುಗ ನೀಲತ್ತೆಯ ಕಡೆ ನೋಡಿ, ತಲೆ ತಗ್ಗಿಸಿ, ಹಿಂದೆ ತಿರುಗಿ ಕೂಗಿ ಹೇಳಿದ. ಹಾಲಿನವನನ್ನೂ ಬಿಡದ ಹುಡುಗರು ಎಂಟು ಹತ್ತು ಮಂದಿ ಕೂಡಿ ಬೊಡ್ಡೆ ಸರಿಸಿ ನಮಗೆ ದಾರಿ ಮಾಡಿಕೊಟ್ಟರು. ಊರೊಳಗೆ ಹೋಗಬೇಡಿ, ಕಲ್ಲು ಬೀಳುತ್ತಿವೆ, ಕೊಹೀರಿನ ಕಡೆಯಿಂದ ಹೊರಗೆ ಹೋಗಿ ಎಂದು ಬುದ್ಧಿಯನ್ನೂ ಹೇಳಿದರು. ಹೀಗಾಗಿ ನನ್ನನ್ನು ಇಳಿಸುವುದು ಬರುವಾಗ ಎಂದಾಯಿತು. ಅತ್ತೆಯನ್ನು ಬಿಡುವುದನ್ನು ನಾನು ಕಣ್ಣಾರೆ ನೋಡಬೇಕಾಗಿ ಬಂತು.

ಪೆದ್ದೆಮುಲ್ ದಾಟಿ ತಾಂಡೂರು ಸೇರುವಾಗ ಮಧ್ಯಾಹ್ನ. ಅತ್ತೆಯ ಗಂಡನ ಮನೆಯ ಮುಂದೆ ಹಾಸುಗಲ್ಲುಗಳನ್ನು ಗೋಡೆಗೆ ಒರಗಿಸಿಟ್ಟಿದ್ದರು. ಅವನು ಎದ್ದು ಬಂದು ಮುತ್ಯಾನಿಗೆ ಕೈಮುಗಿದ, ಅಪ್ಪನನ್ನು ಮಾತಾಡಿಸಿದ, ನನ್ನ ತಲೆಯ ಮೇಲೆ ಕೈಯಿಟ್ಟ. ಕೆಟ್ಟ ಮನುಷ್ಯನಂತೆ ಕಾಣಲಿಲ್ಲ, ಅದೇ ನನಗೆ ಹೆಚ್ಚು ಭಯ ಹುಟ್ಟಿಸಿತು. ಟ್ರಂಕು ಇಳಿಸುವಾಗ ಮೋಟಾರಿನೊಳಗೆ ಬಗ್ಗಿ ಮೇಲೆ ನೋಡಿದ.

"ಛತ್ತು ಭಾಳ ಛಲೋ ಆಗ್ಯಾದಲ್ರಿ. ಯಾರ ಕಡಿ ಹಾಕಸಿದ್ರಿ?"

"ಜಹೀರಾಬಾದಿನ ಖಾದರ್," ಎಂದ ಮುತ್ಯಾ. ಮಗಳ ಕೈಯಲ್ಲಿ ಗಾಡಿಯ ಕೆಲಸ ಮಾಡಿಸಿದೆ ಎನ್ನುವುದು ಅವನಿಗೆ ಅವಮಾನ.

"ನೀಲತ್ತಿ ಹೊಲದಾಳ್ರಿ ಮಾಮಾ," ಎಂದುಬಿಟ್ಟೆ ನಾನು.

ಅತ್ತೆ ಆಗಲೇ ಹೊಸ್ತಿಲಿನ ಮೇಲೆ ಕಾಲಿಟ್ಟಿದ್ದಳು. ಅಲ್ಲಿಂದಲೇ, ತಿರುಗದೆ, "ಕಡೀ ಪಟ್ಟಿ ಶಶಿ ಹೊಲದಾಳ," ಎಂದಳು. ಒಳಗೆ ಹೋದಳು. ಅವಳ ಗಂಡ ನಮ್ಮನ್ನು ಕೂಡಿಸಿ, ಎದುರಿನ ಗೋಡೆಯ ಕಡೆ ಮುಖ ಮಾಡಿ, "ನೀರು ತರಬೇಕು," ಎಂದ. ಸ್ವಲ್ಪ ಹೊತ್ತಿಗೆ ಅತ್ತೆ ತಟ್ಟೆಯಲ್ಲಿ ನಾಲ್ಕು ಲೋಟ ನೀರು ತಂದಳು. ಮುತ್ಯಾ ತನ್ನ ಲೋಟ ಎತ್ತಲಿಲ್ಲ. ಅದನ್ನೇ ನೋಡುತ್ತ ಬಹಳ ಹೊತ್ತು ಕೂತ. ಮಗಳನ್ನು ಮತ್ತೆ ಗಾಡಿ ಹತ್ತಿಸಬಹುದೇನೋ ಎಂದು ನನಗೆ ಒಂದು ಕ್ಷಣ ಅನಿಸಿತು. ಅವನು ಹತ್ತಿಸಲಿಲ್ಲ.

ನನ್ನನ್ನು ಜಹೀರಾಬಾದಿನ ಸೋದರಮಾವನ ಮನೆಯಲ್ಲಿ ಇಳಿಸಿದರು. ಶಾಲೆ ತೆರೆದದ್ದು ಎಷ್ಟೋ ತಿಂಗಳ ಮೇಲೆ. ನಾನು ಓದಿದೆ, ಹಟದಿಂದ ಓದಿದೆ. ಪ್ರತಿ ಪರೀಕ್ಷೆ ಪಾಸಾದಾಗಲೂ ಇದಕ್ಕೆ ಏನು ಬೆಲೆ ಕೊಟ್ಟೆ ಎಂಬುದು ನೆನಪಾಗುತ್ತಿತ್ತು. ಮುತ್ಯಾ ತೀರಿಕೊಂಡ, ಮೋಟಾರು ಯಾರದೋ ಪಾಲಾಯಿತು. ಶಿಕ್ಷಕಿಯ ಕೆಲಸ ಸಿಕ್ಕಾಗ ಯಾವ ಊರು ಬೇಕೆಂದು ಕೇಳಿದರು. ಕಲ್ಲಿನ ಧೂಳಿನ ತಾಂಡೂರನ್ನು ಯಾರೂ ಕೇಳುತ್ತಿರಲಿಲ್ಲ, ನಾನು ಕೇಳಿದೆ. ಒಂದು ಕೋಣೆ ಹಿಡಿದೆ. ಮೊದಲ ಭಾನುವಾರ ಅವಳ ಮನೆಗೆ ಹೋದೆ. ನಡುಮನೆಯಲ್ಲಿ ಅವಳ ಗಂಡ ಪೇಪರು ಓದುತ್ತಿದ್ದ, ಬಾ ಎಂದ. ಅತ್ತೆ ಒಲೆಯ ಮುಂದಿದ್ದಳು. ತಲೆ ಅರ್ಧ ನರೆತಿತ್ತು. ವರ್ಷಗಟ್ಟಲೆ ಮನಸ್ಸಿನಲ್ಲಿ ಉರುಹೊಡೆದ ಮಾತುಗಳನ್ನೆಲ್ಲ ಅಲ್ಲೇ ನಿಂತು ಹೇಳಿದೆ. ಅವಳು ಅಕ್ಕಿ ತೊಳೆಯುತ್ತ ಕೇಳಿದಳು.

"ತಪ್ಪಲ್ಲ ಅಂತ ನಾ ಹೇಳಂಗಿಲ್ಲ ಶಶಿ. ನಿನಗ ಹೋಗೂದಿತ್ತು, ನನಗ ಬರೂದಿರಲಿಲ್ಲ. ಗಾಡಿ ಒಂದೇ ಇತ್ತು."

ನಾನು, "ನನ್ನ ಕೋಣಿ ಇಲ್ಲೇ ಎರಡು ಓಣಿ ಆಚೆ ಅದ. ಬರ್ತೀ ಏನು?" ಎಂದೆ.

ಅವಳು ಅಕ್ಕಿ ಒಲೆಯ ಮೇಲಿಟ್ಟು, ಸೆರಗಿಗೆ ಕೈ ಒರೆಸಿಕೊಂಡು, ನಡುಮನೆಯ ಕಡೆ ನೋಡಿದಳು. ಪೇಪರಿನ ಸದ್ದು ನಿಂತಿತ್ತು.

"ಕೇಳಿ ಬರ್ಬೇಕಲ್ಲ," ಎಂದಳು. ಆಮೇಲೆ ತಾನೇ ನಿಧಾನವಾಗಿ, ಯೋಚಿಸಿ ಹೇಳುವಂತೆ: "ಮಾತೇ ಆಡದಾವ ಬ್ಯಾಡ ಅಂತ ಹ್ಯಾಂಗ ಅಂತಾನ?"

ಚಪ್ಪಲಿ ಮೆಟ್ಟಿಕೊಂಡಳು. ನಾವು ನಡುಮನೆ ದಾಟುವಾಗ ಅವನು ಗೋಡೆಯ ಕಡೆ ತಿರುಗಿ, "ಒಲಿ ಮ್ಯಾಲ ಅನ್ನ ಅದ," ಎಂದ. ನಾವು ಹೊಸ್ತಿಲು ದಾಟಿದೆವು.

ಮರುದಿನ ನಾನು ಶಾಲೆಗೆ ಹೊರಟಾಗ ಅವಳಿನ್ನೂ ನನ್ನ ಕೋಣೆಯಲ್ಲಿ ಮಲಗಿದ್ದಳು. ಒಬ್ಬಳೇ ಇದ್ದು ರೂಢಿ, ಹೊರಗಿನಿಂದ ಚಿಲಕ ಹಾಕಲು ಕೈ ಹೋಯಿತು. ಹಾಕದೆ, ಬಾಗಿಲು ಮುಂದೆ ಮಾಡಿ ಹೋದೆ. ಸಂಜೆ ಬಂದು ನೋಡಿದರೆ ಅವಳಿರಲಿಲ್ಲ. ಹಾಸಿಗೆ ಮಡಚಿಟ್ಟಿತ್ತು. ವಾಪಸು ಹೋದಳೇ, ಅವನೇ ಬಂದು ಕರೆದೊಯ್ದನೇ ಎಂದು ಓಣಿಯ ಎರಡೂ ಕಡೆ ನೋಡಿದೆ. ಅವಳ ಮನೆಯ ಕಡೆ ಹೋಗುವುದೋ ಬಿಡುವುದೋ ತಿಳಿಯದೆ ಹೊಸ್ತಿಲಲ್ಲೇ ನಿಂತಿದ್ದೆ. ದೀಪ ಹಚ್ಚುವ ಹೊತ್ತಿಗೆ ಓಣಿಯ ತುದಿಯಲ್ಲಿ ಕಂಡಳು. ಕಾಲಿನ ತುಂಬ ಧೂಳು, ಬರಿಗೈ.

"ಎಲ್ಲಿಗಿ ಹೋಗಿದ್ದಿ ಅತ್ತಿ?"

"ಎಲ್ಲಿಗೂ ಇಲ್ಲ," ಎಂದಳು. "ಸುಮ್ನ ಹೋಗಿದ್ದೆ."